ಕಾರ್ಡಿನಲ್‌ರ ಸಂಶಯ

ಎಡ್ವರ್ಡ್ ಬರ್ಗರ್ ನಿರ್ದೇಶನದ ‘ಕಾನ್‌ಕ್ಲೇವ್’ (2024) ನೋಡುವಾಗ ಕಥೋಲಿಕಳಾದ ನನಗೆ ಮೊದಲು ಇರಿಸುಮುರಿಸಾಯಿತು. ಪೋಪ್ ತೀರಿಕೊಂಡಿದ್ದಾರೆ, ಕೆಂಪು ನಿಲುವಂಗಿಯ ಕಾರ್ಡಿನಲ್‌ಗಳು ಮೆಟ್ಟಿಲ ಮೇಲೆ ಪಿಸುಗುಟ್ಟುತ್ತಾ ಮತ ಲೆಕ್ಕ ಹಾಕುತ್ತಿದ್ದಾರೆ. ನಮ್ಮ ಪಂಚಾಯ್ತಿ ಚುನಾವಣೆಯೇ ವಾಸಿ! ಒಬ್ಬರಿಗೆ ಮೂರನೇ ಎರಡರಷ್ಟು ಮತ ಬೀಳುವವರೆಗೂ ಚೀಟಿ ಬರೆಯಬೇಕು, ಸುಡಬೇಕು. ಹೊಗೆ ಬೆಳ್ಳಗಾದರೆ ಆಯ್ಕೆ ಮುಗಿಯಿತು.

ಆದರೆ ರೇಫ್ ಫೈನ್ಸ್ ಅಭಿನಯದ ಕಾರ್ಡಿನಲ್ ಲಾರೆನ್ಸ್ ಪ್ರಬೋಧನೆಗೆ ನಿಂತಾಗ ನಾನು ನೆಟ್ಟಗೆ ಕೂತೆ. ತನಗೆ ಎಲ್ಲವೂ ಖಚಿತ ಎಂಬುದೇ ಅವರು ಅಂಜುವ ಪಾಪ. ಸಂಶಯವೇ ಇಲ್ಲದಿದ್ದರೆ ವಿಶ್ವಾಸಕ್ಕೇನು ಕೆಲಸ? ಪ್ರಾರ್ಥನೆ ಕಷ್ಟವಾಗಿ ರಾಜೀನಾಮೆ ಕೊಡಹೊರಟಿದ್ದ ಮನುಷ್ಯ ಅವರು. ಶಿಲುಬೆಯ ಮೇಲಿಂದ ಯೇಸುವೇ ದೇವರನ್ನು ಪ್ರಶ್ನಿಸಿದ್ದರಲ್ಲ.

ಈ ಚುನಾವಣೆಯಲ್ಲಿ ಅಡುಗೆ, ಊಟದ ಕೆಲಸ ಮಾಡುವ ಧರ್ಮಭಗಿನಿಯರಿಗೆ ಮತವಿಲ್ಲ. ಇಸಾಬೆಲ್ಲಾ ರೋಸೆಲಿನಿಯ ಸಿಸ್ಟರ್ ಆಗ್ನೆಸ್‌ಗೆ ಮಾತೂ ಬೆರಳೆಣಿಕೆಯಷ್ಟೇ. ಒಮ್ಮೆ ಎಲ್ಲರೆದುರು ಸತ್ಯ ಹೇಳಿ, ತುಸು ಬಾಗಿ ವಂದಿಸಿ, ಹೊರನಡೆಯುತ್ತಾರೆ.