ಕ್ಲಾಸ್ ಕೊಟ್ರು, ಪುಸ್ತಕ ಎಲ್ಲಿ? ಅತಿಥಿ ಉಪನ್ಯಾಸಕರಿಗೆ ಒಂದು ಕೈಪಿಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಹಲಗೇರಿಯಿಂದ ಮಾತಾಡ್ತಾ ಇದ್ದೀನಿ.

ಹೋದ ವಾರ ರಾತ್ರಿ ಒಂಬತ್ತೂವರೆಗೆ ನನ್ನ ಎಂ.ಕಾಂ ಗೆಳೆಯ ಫೋನ್ ಮಾಡಿದ್ದ. ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ ಅಂತ ಈಗಷ್ಟೇ ಸೇರಿಕೊಂಡಿದ್ದಾನೆ. ಖುಷಿ ಸುದ್ದಿ ಹೇಳ್ತಾನೆ ಅಂದ್ಕೊಂಡೆ. ಅವನು ಹೇಳಿದ್ದು ಇಷ್ಟು: "ಲೇ ದೋಸ್ತ, ನಾಳೆ ಹತ್ತೂವರಿಗೆ ಕ್ಲಾಸ್ ಐತಿ. ಟೈಮ್‌ಟೇಬಲ್ ಕೊಟ್ಟಾರ, ಹಾಜರಿ ಪುಸ್ತಕ ಕೊಟ್ಟಾರ. ಸಿಲೆಬಸ್ ಮಾತ್ರ ಕೈಯಾಗಿಲ್ಲ. ಹುಡುಗರಿಗೆ ಏನ್ ಹೇಳ್ಲಿ?"

ಕಾಲೇಜಿನ ಹೆಸರು ಬೇಡ, ಯಾಕಂದ್ರೆ ಇದು ಒಂದು ಕಾಲೇಜಿನ ಕಥೆ ಅಲ್ಲ. ನಾನು ಬಿ.ಕಾಂ ಓದುವಾಗ ನಮಗೆ ಕಾಸ್ಟ್ ಅಕೌಂಟಿಂಗ್ ಹೇಳಿದ ಮೇಡಂ ಕೂಡ ಅತಿಥಿ ಉಪನ್ಯಾಸಕಿಯೇ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಬಸ್ ಹತ್ತಿ ಇನ್ನೊಂದು. ಲೈಬ್ರರಿಯಿಂದ ಪುಸ್ತಕ ಅವರ ಹೆಸರಿಗೆ ಸಿಗ್ತಿರಲಿಲ್ಲ, ನಮ್ಮ ಕಾರ್ಡಿನ ಮೇಲೆ ತಗೊಂಡು ಹೋಗ್ತಿದ್ರು. ಆಗ ನಮಗೆ ಅದು ತಮಾಷೆ ಅನ್ನಿಸಿತ್ತು. ಈಗ ಹಾಗೆ ಅನ್ನಿಸಲ್ಲ.

ಹಾಗಾಗಿ ಇವತ್ತಿನ ಸಂಚಿಕೆ ಹೊಸದಾಗಿ ಪಾಠಕ್ಕೆ ನಿಂತವರಿಗೆ. ಅವರ ಮುಂದೆ ಕೂತಿರುವ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರೂ ಕೇಳಬಹುದು. ನಿಮ್ಮ ಮಕ್ಕಳ ಪದವಿ ಇವರ ಕೈಯಲ್ಲೇ ಇದೆ.

ಮೊದಲು ಲೆಕ್ಕ

ನಾನು ಕಾಮರ್ಸ್ ಹುಡುಗ, ಲೆಕ್ಕದಿಂದಲೇ ಶುರು ಮಾಡ್ತೀನಿ.

2022ರ ಜನವರಿವರೆಗೆ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ ಸಿಗ್ತಿದ್ದದ್ದು 11 ಸಾವಿರ ಅಥವಾ 13 ಸಾವಿರ ರೂಪಾಯಿ. ಆ ತಿಂಗಳು ಸರ್ಕಾರ ಅದನ್ನ ಏರಿಸಿತು. ಯುಜಿಸಿ ಅರ್ಹತೆ, ಅಂದ್ರೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ ಇದ್ದು, ಐದು ವರ್ಷಕ್ಕಿಂತ ಹೆಚ್ಚು ಸೇವೆ ಆಗಿದ್ರೆ 32 ಸಾವಿರ. ಐದು ವರ್ಷಕ್ಕಿಂತ ಕಡಿಮೆ ಆದ್ರೆ 30 ಸಾವಿರ. ಅರ್ಹತೆ ಇಲ್ಲದವರಿಗೆ ಇದೇ ರೀತಿ 28 ಮತ್ತು 26 ಸಾವಿರ.

ಒಳ್ಳೇದೇ ಆಯ್ತಲ್ಲ ಅಂತೀರಾ? ಅದರ ಜೊತೆಗೇ ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಕಾರ್ಯಭಾರ 15 ಗಂಟೆ ಆಯ್ತು. ಕಾಲೇಜಿನಲ್ಲಿರುವ ಒಟ್ಟು ಗಂಟೆ ಅಷ್ಟೇ, ಒಬ್ಬೊಬ್ಬರಿಗೆ ಹೆಚ್ಚು ಗಂಟೆ ಕೊಟ್ರೆ ಬೇಕಾಗುವ ಜನ ಕಡಿಮೆ. ಸಾವಿರಾರು ಜನ ಆ ಲೆಕ್ಕದಲ್ಲಿ ಹೊರಗುಳಿದ್ರು.

ಆಮೇಲೆ 2023ರ ನವೆಂಬರ್ ಕೊನೆಯಿಂದ ತರಗತಿ ಬಹಿಷ್ಕಾರ. ಬೇಡಿಕೆ ಒಂದೇ, ಸೇವೆ ಕಾಯಂ ಮಾಡಿ ಅಂತ. 2024ರ ಜನವರಿ 1ಕ್ಕೆ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಕಾಯಂ ಆಗಲಿಲ್ಲ. ಇಂಥ ಬೇಡಿಕೆ ಬಂದಾಗೆಲ್ಲ ಅಡ್ಡ ಬರೋದು ಸುಪ್ರೀಂ ಕೋರ್ಟಿನ 2006ರ ಉಮಾದೇವಿ ಪ್ರಕರಣದ ತೀರ್ಪು. ನೇಮಕಾತಿ ನಿಯಮದ ಪ್ರಕಾರ ಬಾರದವರು ಕಾಯಮಾತಿಯನ್ನ ಹಕ್ಕಾಗಿ ಕೇಳುವಂತಿಲ್ಲ ಅನ್ನೋದು ಅದರ ಸಾರ. ಅದು ಕರ್ನಾಟಕ ಸರ್ಕಾರದ್ದೇ ಪ್ರಕರಣ.

ಸಿಕ್ಕಿದ್ದು ಇದು: ಸೇವಾ ವರ್ಷಗಳ ಮೇಲೆ 5ರಿಂದ 8 ಸಾವಿರ ರೂಪಾಯಿ ಏರಿಕೆ, ತಿಂಗಳಿಗೆ ಒಂದು ಸಂಬಳ ಸಹಿತ ರಜೆ, 5 ಲಕ್ಷದ ಆರೋಗ್ಯ ವಿಮೆ, 60 ವರ್ಷ ತುಂಬಿ ಬಿಡುವಾಗ 5 ಲಕ್ಷದವರೆಗೆ ಇಡಿಗಂಟು. ಕೂಡಿಸಿ ನೋಡಿ, ಮೇಲಿನ ಮಿತಿ 40 ಸಾವಿರ. ಯುಜಿಸಿ 2019ರಲ್ಲೇ ಅತಿಥಿ ಉಪನ್ಯಾಸಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50 ಸಾವಿರ ಅಂತ ಹೇಳಿತ್ತು. ನಡುವಿನ ಅಂತರ ನೀವೇ ಲೆಕ್ಕ ಹಾಕಿ.

ಹಣದ ಚರ್ಚೆ ಆಗಾಗ ಸುದ್ದಿ ಆಗ್ತದೆ. ಆದ್ರೆ ಪಾಠ ಹೇಳೋಕೆ ಬೇಕಾದ ಸಾಮಾನು ಸಿಗ್ತಾ ಇದೆಯಾ ಅನ್ನೋದನ್ನ ಯಾರೂ ಕೇಳಲ್ಲ.

ಸಿಲೆಬಸ್ ಓಡ್ತಾ ಇದೆ

ಹಾವೇರಿ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಇದ್ದವು. 2023ರಲ್ಲಿ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಶುರುವಾಯ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು. 2024ರ ಮೇ ತಿಂಗಳ ಆದೇಶದಿಂದ ಮತ್ತೆ ಮೂರು ವರ್ಷದ ಪದವಿ, ಮತ್ತೆ ಹೊಸ ಪಠ್ಯ. ಅಂದ್ರೆ ಆಗ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಒಂದು ಸಿಲೆಬಸ್, ಅವರ ಸೀನಿಯರ್‌ಗಳಿಗೆ ಇನ್ನೊಂದು ಆಯ್ತು.

ಕಾಮರ್ಸ್‌ನಲ್ಲಿ ಕಾಯ್ದೆಯೇ ಬದಲಾಗ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲಿ ಶೇ. 12 ಮತ್ತು ಶೇ. 28ರ ಹಂತ ತೆಗೆದು, ಮುಖ್ಯವಾಗಿ ಶೇ. 5 ಮತ್ತು ಶೇ. 18 ಉಳಿಸಿದ್ರು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ, ಜಾರಿ 2026ರ ಏಪ್ರಿಲ್ 1ರಿಂದ. ನಾವು ಬಾಯಿಪಾಠ ಮಾಡಿದ 'ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್' ಹೋಗಿ 'ಟ್ಯಾಕ್ಸ್ ಇಯರ್' ಬಂತು. ಹಳೆ ನೋಟ್ಸ್ ಝೆರಾಕ್ಸ್ ತಗೊಂಡು ಪಾಠಕ್ಕೆ ನಿಂತ್ರೆ ಹುಡುಗರು ಪರೀಕ್ಷೆಯಲ್ಲಿ ತಪ್ಪು ಬರೀತಾರೆ. ಆ ತಪ್ಪಿಗೆ ಅಂಕ ಕಳೆದುಕೊಳ್ಳೋದು ಅವರು, ನೋಟ್ಸ್ ಕೊಟ್ಟವರಲ್ಲ.

ದುಡ್ಡಿಲ್ಲದೆ ಸಿಗುವ ಸಾಮಗ್ರಿ

ಗೆಳೆಯನಿಗೆ ಆ ರಾತ್ರಿ ನಾನು ಹೇಳಿದ್ದನ್ನೇ ಇಲ್ಲಿ ಹೇಳ್ತೀನಿ.

ಒಂದು, ಇಗ್ನೋದ ಇ-ಜ್ಞಾನಕೋಶ. ಬಿ.ಕಾಂ ಪಠ್ಯದ ಪೂರ್ತಿ ಘಟಕಗಳು ಉಚಿತವಾಗಿ ಡೌನ್‌ಲೋಡ್ ಆಗ್ತವೆ. ಒಬ್ಬರೇ ಕೂತು ಓದುವವರಿಗಾಗಿ ಬರೆದದ್ದು, ಹಾಗಾಗಿ ರಾತ್ರೋರಾತ್ರಿ ತಯಾರಿ ಮಾಡುವವರಿಗೆ ಹೇಳಿಮಾಡಿಸಿದ ಹಾಗಿದೆ.

ಎರಡು, ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಸ್ಟಡಿ ಮೆಟೀರಿಯಲ್. ಸಿಎ ವಿದ್ಯಾರ್ಥಿಗಳಿಗೆ ಮಾಡಿದ್ದಾದ್ರೂ ಯಾರು ಬೇಕಾದ್ರೂ ಓದಬಹುದು. ತೆರಿಗೆ ವಿಷಯಕ್ಕೆ ಇದೇ ನಂಬಿಕೆಯ ಮೂಲ, ಕಾಯ್ದೆ ಬದಲಾದಂತೆ ಅವರು ಪರಿಷ್ಕರಿಸ್ತಾರೆ.

ಮೂರು, ಸ್ವಯಂ. 2017ರಲ್ಲಿ ಶುರುವಾದ ಕೇಂದ್ರದ ವೇದಿಕೆ. ಕಲಿಯೋಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಂದ್ರೆ ಮಾತ್ರ ಶುಲ್ಕ. ಎಂ.ಕಾಂ ಮಟ್ಟಕ್ಕೆ ಇ-ಪಿಜಿ ಪಾಠಶಾಲಾ ಇದೆ.

ನಾಲ್ಕು, ಎನ್-ಲಿಸ್ಟ್. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಯೋಜನೆ ಇದು. ಕಾಲೇಜು ವರ್ಷದ ಸಣ್ಣ ಶುಲ್ಕ ಕಟ್ಟಿ ಸದಸ್ಯ ಆದ್ರೆ ಆರು ಸಾವಿರಕ್ಕೂ ಹೆಚ್ಚು ಜರ್ನಲ್, ಲಕ್ಷಕ್ಕೂ ಮೇಲೆ ಇ-ಪುಸ್ತಕ ತೆರೆದುಕೊಳ್ತವೆ. ಆದ್ರೆ ಲಾಗಿನ್ ತಾನಾಗೇ ಬರಲ್ಲ. ಕಾಲೇಜಿನವರು ಹೆಸರು, ಇ-ಮೇಲ್ ಪಟ್ಟಿ ಕಳಿಸಬೇಕು. ನನ್ನ ಗೆಳೆಯನ ಕಾಲೇಜು ಸದಸ್ಯ ಆಗಿತ್ತು, ಪಟ್ಟಿಯಲ್ಲಿ ಅತಿಥಿಗಳ ಹೆಸರೇ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ. ಅವನು ಲೈಬ್ರೇರಿಯನ್ ಸರ್ ಹತ್ರ ಹೋಗಿ ಕೇಳಿದ ಮೇಲೆ ಹೆಸರು ಸೇರಿತು. ನೀವೂ ನಾಳೆನೇ ಹೋಗಿ ಕೇಳಿ.

ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷ್, ಹಿಂದಿಯಲ್ಲಿವೆ. ಕನ್ನಡ ಮಾಧ್ಯಮದ ಹುಡುಗರಿಗೆ ಏನು ಅಂದ್ರೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕನ್ನಡ ಪಠ್ಯಗಳು. ನಿಮ್ಮ ಊರಲ್ಲಿ ಅಂಚೆ ತೆರಪಿನಲ್ಲಿ ಬಿ.ಕಾಂ ಓದಿದವರು ಒಬ್ಬರಾದ್ರೂ ಇರ್ತಾರೆ, ಕಪಾಟಿನಲ್ಲಿ ಪುಸ್ತಕ ಇರ್ತದೆ. ಕೇಳಿ ತಗೊಳ್ಳಿ.

ಪಕ್ಕದ ಮಾರ್ಕೆಟ್ಟೂ ಪಠ್ಯಪುಸ್ತಕವೇ

ಇನ್ನೊಂದು ಸಂಪನ್ಮೂಲ ಇಂಟರ್ನೆಟ್‌ನಲ್ಲಿಲ್ಲ, ಬ್ಯಾಡಗಿಯಲ್ಲಿದೆ.

ಕನ್‌ಸೈನ್‌ಮೆಂಟ್ ಅಕೌಂಟ್ಸ್ ಅಂದ್ರೆ ಹುಡುಗರು ಕಣ್ ಕಣ್ ಬಿಡ್ತಾರೆ. ಪುಸ್ತಕದಲ್ಲಿ ಮುಂಬೈ ವ್ಯಾಪಾರಿ ಕೋಲ್ಕತ್ತ ಏಜೆಂಟನಿಗೆ ಸರಕು ಕಳಿಸ್ತಾನೆ. ನಮ್ಮ ಹುಡುಗನ ಅಪ್ಪ ಸೋಮವಾರ, ಗುರುವಾರ ಬ್ಯಾಡಗಿ ಎಪಿಎಂಸಿಗೆ ಮೆಣಸಿನಕಾಯಿ ಚೀಲ ಹಾಕ್ಕೊಂಡು ಹೋಗ್ತಾನೆ. ಮಾಲು ರೈತನದ್ದು, ಮಾರಿಸೋದು ದಲಾಲಿ ಅಂಗಡಿಯವರು, ಕೊನೆಗೆ ಕೈಗೆ ಬರೋದು ಪಟ್ಟಿ. ಪುಸ್ತಕದ 'ಅಕೌಂಟ್ ಸೇಲ್ಸ್'ಗೂ ಆ ಪಟ್ಟಿಗೂ ಅಣ್ಣತಮ್ಮಂದಿರ ಸಂಬಂಧ. ಮನೆಯಿಂದ ಒಂದು ಹಳೇ ಪಟ್ಟಿ ತರೋಕೆ ಹೇಳಿ, ಹೆಸರು ಮುಚ್ಚಿ ಬೋರ್ಡ್ ಮೇಲೆ ಬರೀರಿ.

ಆಗ ಒಂದು ವ್ಯತ್ಯಾಸ ಕಾಣ್ತದೆ. ಪುಸ್ತಕದಲ್ಲಿ ಕಮಿಷನ್ ಕೊಡೋದು ಮಾಲು ಕಳಿಸಿದವನು. ಕರ್ನಾಟಕದ ಎಪಿಎಂಸಿ ನಿಯಮದಲ್ಲಿ ದಲಾಲಿಯನ್ನ ರೈತನಿಂದ ಹಿಡಿಯುವಂತಿಲ್ಲ, ಖರೀದಿದಾರ ಕೊಡಬೇಕು. "ನಿಮ್ಮ ಪಟ್ಟಿಯಲ್ಲಿ ಏನಿದೆ ನೋಡ್ರಿ" ಅಂದ್ರೆ ಸಾಕು, ಹಿಂದಿನ ಬೆಂಚಿನವರೂ ಎದ್ದು ಕೂಡ್ತಾರೆ. ಜಿಎಸ್‌ಟಿಗೂ ಅದೇ ಉದಾಹರಣೆ: ಹಸಿ ಮೆಣಸಿನಕಾಯಿಗೆ ತೆರಿಗೆ ಇಲ್ಲ, ಒಣಗಿದ ಮೇಲೆ ಶೇ. 5. ಯಾಕೆ ಅಂತ ಚರ್ಚೆ ಮಾಡಿಸಿ, ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಕಾಗದ ಜೋಪಾನ

ಈಗ ನಿಮ್ಮ ಸ್ವಂತದ ವಿಷಯ. ಅತಿಥಿ ಉಪನ್ಯಾಸಕರ ಆಯ್ಕೆ ಆನ್‌ಲೈನ್ ಅರ್ಜಿ, ಕೌನ್ಸೆಲಿಂಗ್ ಮೂಲಕ ನಡೀತದೆ. ಅಲ್ಲಿ ಅರ್ಹತೆ ಮತ್ತು ಸೇವಾ ವರ್ಷ ಎರಡಕ್ಕೂ ತೂಕ ಇದೆ. ಹಾಗಾಗಿ ಪ್ರತಿ ವರ್ಷದ ಕೊನೆಗೆ ಪ್ರಾಂಶುಪಾಲರ ಸಹಿ, ಮೊಹರು ಇರುವ ಸೇವಾ ಪ್ರಮಾಣಪತ್ರ ತಗೊಳ್ಳಿ. ಪ್ರಾಂಶುಪಾಲರು ವರ್ಗ ಆದ ಮೇಲೆ ಓಡಾಡಬೇಡಿ. ಕಾರ್ಯಭಾರದ ಆದೇಶ, ಗೌರವಧನ ಜಮಾ ಆದ ಬ್ಯಾಂಕ್ ಪಾಸ್‌ಬುಕ್ ಪುಟ, ಎಲ್ಲ ಒಂದೇ ಫೈಲಿನಲ್ಲಿರಲಿ.

ಕೆ-ಸೆಟ್ ಆಗಿಲ್ಲದವರು ಈಗಲೇ ತಯಾರಿ ಶುರು ಮಾಡಿ. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸ್ತಿತ್ತು, ಈಗ ಕೆಇಎ. ಒಟ್ಟು 300 ಅಂಕ: ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು ನಿಮ್ಮ ವಿಷಯದ 100 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಮೊದಲ ಪತ್ರಿಕೆ ಬೋಧನೆ, ಸಂಶೋಧನೆ ಬಗ್ಗೆಯೇ ಇರೋದರಿಂದ ಆ ಓದು ತರಗತಿಗೂ ಉಪಯೋಗ. ತರಬೇತಿ ಬೇಕಂದ್ರೆ 2023ರಲ್ಲಿ ಶುರುವಾದ ಮಾಳವೀಯ ಮಿಷನ್ನಿನ ಆನ್‌ಲೈನ್ ಕೋರ್ಸ್‌ಗಳಿವೆ. ಅತಿಥಿಗಳಿಗೆ ಯಾವ ಷರತ್ತು ಅಂತ ಆಯಾ ಕೋರ್ಸಿನ ಪ್ರಕಟಣೆಯಲ್ಲಿ ಓದಿಕೊಂಡು ಅರ್ಜಿ ಹಾಕಿ.

ಕಾಲೇಜಿನವರಿಗೆ ಒಂದು ಮಾತು

ಕೊನೆಗೆ ಪ್ರಾಂಶುಪಾಲರಿಗೆ, ಕಾಯಂ ಪ್ರಾಧ್ಯಾಪಕರಿಗೆ ಒಂದು ವಿನಂತಿ. ಗೌರವಧನ ಏರಿಸೋದು ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದ್ರೆ ಹೊಸಬರು ಬಂದ ದಿನ ಸಿಲೆಬಸ್ ಪ್ರತಿ, ಮೂರು ಹಳೇ ಪ್ರಶ್ನೆಪತ್ರಿಕೆ, ಲೈಬ್ರರಿ ಕಾರ್ಡ್, ಎನ್-ಲಿಸ್ಟ್ ಲಾಗಿನ್, ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ, ಮತ್ತು "ಏನಾದ್ರೂ ತೊಡಕಾದ್ರೆ ಇವರನ್ನ ಕೇಳ್ರಿ" ಅಂತ ಒಬ್ಬರ ಹೆಸರು ಕೊಡಬಹುದಲ್ಲ? ಇದಕ್ಕೆ ಬೆಂಗಳೂರಿನಿಂದ ಆದೇಶ ಬರಬೇಕಿಲ್ಲ.

ನನ್ನ ಗೆಳೆಯ ಮರುದಿನ ಕ್ಲಾಸ್ ಮುಗಿಸಿ ಫೋನ್ ಮಾಡಿದ್ದ. ಇಗ್ನೋ ಘಟಕ ಓದಿಕೊಂಡು ಹೋಗಿದ್ನಂತೆ. "ನಲವತ್ತು ನಿಮಿಷ ನಡೀತು ಲೇ, ಉಳಿದ ಇಪ್ಪತ್ತು ನಿಮಿಷ ಹುಡುಗರ ಹೆಸರು ಕೇಳಿದೆ" ಅಂದ. ಮೊದಲ ದಿನಕ್ಕೆ ಅಷ್ಟು ಸಾಕು ಬಿಡ್ರಿ.

ನಿಮಗೆ ಹೀಗೆ ಪಾಠ ಹೇಳಿದ ಅತಿಥಿ ಉಪನ್ಯಾಸಕರು ಯಾರಾದ್ರೂ ಇದ್ರೆ ಇವತ್ತು ಒಂದು ಫೋನ್ ಮಾಡಿ. ನಾನು ನಮ್ಮ ಮೇಡಂಗೆ ಮಾಡ್ತೀನಿ. ಮುಂದಿನ ವಾರ ಸಿಗೋಣ, ಬರ್ತೀನ್ರೀ.