ಕಾಡಿನಲ್ಲಿ ಬಿಳಿಯ ಹುಲಿ

ಸಂಸ್ಕೃತದ ‘ಪುಂಡರೀಕ’ ಶಬ್ದಕ್ಕೆ ಬಿಳಿಯ ತಾವರೆಯೆಂಬ ಅರ್ಥವು ಪ್ರಸಿದ್ಧವಾದುದು. ಅದೇ ಶಬ್ದವು ಪುಲ್ಲಿಂಗದಲ್ಲಿ ಹುಲಿಗೂ ಸಲ್ಲುವುದೆಂದು ಅಮರಕೋಶದ ನಾನಾರ್ಥವರ್ಗದಿಂದ ತಿಳಿದುಬರುತ್ತದೆ. ಈ ಎರಡು ಅರ್ಥಗಳನ್ನು ಜೋಡಿಸಿ, ಪ್ರಾಚೀನ ಭಾರತೀಯರು ಬಿಳಿಯ ಹುಲಿಯನ್ನು ಕಂಡಿದ್ದರೆಂದು ಊಹಿಸುವುದು ಸುಲಭ. ಆದರೆ ಅದು ದುಡುಕಿನ ಊಹೆ. ಶಬ್ದವು ಯಾವ ಯಾವ ವಸ್ತುಗಳಿಗೆ ಸಲ್ಲುವುದೆಂಬುದನ್ನು ಕೋಶಕಾರನು ಹೇಳುವನೇ ಹೊರತು ಆ ವಸ್ತುಗಳ ಬಣ್ಣವೆಲ್ಲ ಒಂದೇ ಎಂದು ಹೇಳುವುದಿಲ್ಲ. ಚೀನೀಯರು ಪಶ್ಚಿಮ ದಿಕ್ಕಿಗೆ ಬಿಳಿಯ ಹುಲಿಯನ್ನು ಕಲ್ಪಿಸಿರುವುದೂ ಪ್ರಮಾಣವಾಗಲಾರದು. ಅವರ ಮತದಲ್ಲಿ ಆ ದಿಕ್ಕಿನ ಬಣ್ಣವೇ ಬಿಳುಪು. ಈ ವಿಷಯವನ್ನು ಕಾಡಿನ ದಾಖಲೆಗಳಿಂದಲೇ ನಿರ್ಣಯಿಸಬೇಕು.

ಬಿಳಿಯ ಹುಲಿಗಳು ಈಗ ಮೃಗಾಲಯಗಳಲ್ಲಿ ಮಾತ್ರ ಕಾಣಸಿಗುತ್ತವೆ. ಅಲ್ಲಿ ಅವುಗಳ ವಂಶವನ್ನು ಬೆಳೆಯಿಸಿರುವುದು ಹತ್ತಿರದ ರಕ್ತಸಂಬಂಧಿಗಳನ್ನು ಕೂಡಿಸಿ. ಇದನ್ನು ಬಲ್ಲ ಕೆಲವರು ಆ ಬಣ್ಣವೇ ಮನುಷ್ಯನ ಕೃತಿಯೆಂದು ಭಾವಿಸುವುದುಂಟು. ವಂಶದ ಬೆಳವಣಿಗೆಯ ಮಟ್ಟಿಗೆ ಈ ಮಾತು ನಿಜ. ಬಣ್ಣದ ಮಟ್ಟಿಗೆ ನಿಜವಲ್ಲ.

ಅಕ್ಬರನು 1561ರಲ್ಲಿ ನರವರದ ಬಳಿ ಐದು ಮರಿಗಳಿದ್ದ ಹೆಣ್ಣುಹುಲಿಯೊಂದನ್ನು ಎದುರಿಸಿದ ಪ್ರಸಂಗವನ್ನು ಅಕ್ಬರನಾಮೆಯ ಚಿತ್ರವೊಂದರಲ್ಲಿ ಬರೆದಿದ್ದಾರೆ. ಅದರಲ್ಲಿನ ಕೆಲವು ಮರಿಗಳು ಬಿಳಿಯವೆಂದು ದಿವ್ಯಭಾನುಸಿಂಹರು 1986ರಲ್ಲಿ ವಾದಿಸಿದರು. ಚಿತ್ರವು ಬೇಟೆಯಾದ ಹಲವು ವರ್ಷಗಳ ಮೇಲೆ ರಚಿತವಾದುದರಿಂದ ಈ ಸಾಕ್ಷ್ಯಕ್ಕೆ ಅಷ್ಟಾಗಿ ಭಾರ ಹೊರಿಸಲಾಗದು. 1820ರ ಸುಮಾರಿನಲ್ಲಿ ಲಂಡನ್ನಿನ ಎಕ್ಸೆಟರ್ ಚೇಂಜ್ ಮೃಗಶಾಲೆಯಲ್ಲಿ ಒಂದು ಬಿಳಿಯ ಹುಲಿಯನ್ನು ಪ್ರದರ್ಶಿಸಿದ್ದರು. ನಿಜವಾಗಿ ಭಾರವುಳ್ಳ ಸಾಕ್ಷ್ಯವೆಂದರೆ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಯದು. 1907ರಿಂದ 1933ರವರೆಗೆ ಇಂತಹ 17 ಹುಲಿಗಳು ಬೇಟೆಗೆ ಬಲಿಯಾದುದು ಅದರಲ್ಲಿ ದಾಖಲಾಗಿದೆ. ಅಸ್ಸಾಮಿನಲ್ಲಿ ಚಹದ ತೋಟವನ್ನು ನೋಡಿಕೊಂಡಿದ್ದ ಇ. ಪಿ. ಗೀ ಎಂಬವರು 1959ರವರೆಗಿನ 35 ಕಾಡುಹುಲಿಗಳ ವೃತ್ತಾಂತಗಳನ್ನು ಸಂಗ್ರಹಿಸಿದರು. ರೀವಾ, ಒಡಿಶಾ, ಬಿಹಾರ, ಅಸ್ಸಾಮುಗಳಂತಹ ದೂರದೂರದ ಕಾಡುಗಳಲ್ಲಿ ಅವು ಕಂಡುಬಂದುವು.

ಇವೆಲ್ಲಕ್ಕಿಂತ ಸ್ಪಷ್ಟವಾದುದು ‘ಮೋಹನ’ನ ಚರಿತ್ರೆ. 1951ರ ಮೇ ತಿಂಗಳಲ್ಲಿ ರೀವಾದ ಮಹಾರಾಜ ಮಾರ್ತಾಂಡಸಿಂಹರ ಬೇಟೆಯಲ್ಲಿ ಒಂದು ಹೆಣ್ಣುಹುಲಿಯೂ ಅದರ ಮರಿಗಳೂ ಎದುರಾದುವು. ತಾಯಿಯೂ ಒಡಹುಟ್ಟುಗಳೂ ಸಾಮಾನ್ಯವರ್ಣದವು. ಒಂದು ಮರಿ ಮಾತ್ರ ಬಿಳಿದು. ಉಳಿದವುಗಳನ್ನು ಕೊಂದು ಅದೊಂದನ್ನು ಜೀವಸಹಿತ ಹಿಡಿದು ಗೋವಿಂದಗಢದ ಅರಮನೆಯಲ್ಲಿ ಸಾಕಿದರು. ಬಳಿಕ ‘ಬೇಗಂ’ ಎಂಬ ಸಾಮಾನ್ಯವರ್ಣದ ಹೆಣ್ಣಿನೊಡನೆ ಕೂಡಿಸಲು, ಹುಟ್ಟಿದ ಮರಿಗಳಲ್ಲಿ ಒಂದೂ ಬಿಳಿದಾಗಲಿಲ್ಲ. ಆ ಮರಿಗಳಲ್ಲೊಂದಾದ ‘ರಾಧಾ’ಳನ್ನು ತಂದೆಯೊಡನೆಯೇ ಕೂಡಿಸಿದಾಗ 1958ರಲ್ಲಿ ನಾಲ್ಕು ಮರಿಗಳಾದುವು; ನಾಲ್ಕೂ ಬಿಳಿಯವು. ಪ್ರಪಂಚದ ಮೃಗಾಲಯಗಳಲ್ಲಿನ ಬಿಳಿಯ ಹುಲಿಗಳಲ್ಲಿ ಬಹುಭಾಗವು ಈ ಸಂತತಿಗೆ ಸೇರಿದುದು.

ಇದರ ಮರ್ಮವು ಆನುವಂಶಿಕ ನಿಯಮದಲ್ಲಿದೆ. ಬಿಳುಪಿಗೆ ಕಾರಣವಾದ ಜೀನು ಅಪ್ರಬಲವಾದುದು. ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಅದರ ಪರಿಣಾಮವು ಹೊರಗೆ ತೋರುವುದು, ಒಬ್ಬರಿಂದ ಬಂದರೆ ಅಡಗಿರುವುದು. ಅದನ್ನು ಅಡಗಿಸಿಕೊಂಡ ಎರಡು ಹುಲಿಗಳು ಕೂಡಿದಲ್ಲಿ ಪ್ರತಿಯೊಂದು ಮರಿಯೂ ಬಿಳಿದಾಗುವ ಸಂಭವವು ನಾಲ್ಕರಲ್ಲಿ ಒಂದು. ಬಿಳಿಯ ಮೋಹನನಿಗೂ ಜೀನನ್ನು ಅಡಗಿಸಿಕೊಂಡಿದ್ದ ರಾಧಾಳಿಗೂ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಮಾತ್ರ ಬಿಳಿಯವಾಗಬೇಕಾಗಿತ್ತು. ನಾಲ್ಕೂ ಆದುದು ಅದೃಷ್ಟ. 1980ರಲ್ಲಿ ಒಡಿಶಾದ ನಂದನಕಾನನದಲ್ಲಿ ರೀವಾ ವಂಶಕ್ಕೆ ಸೇರದ, ಸಾಮಾನ್ಯವರ್ಣದ ಜೋಡಿಗೆ ಬಿಳಿಯ ಮರಿಗಳು ಹುಟ್ಟಿದುವು. ಜೀನು ಬೇರೆಡೆಯಲ್ಲಿಯೂ ಅಡಗಿದ್ದಿತೆಂಬುದಕ್ಕೆ ಇದೇ ನಿದರ್ಶನ.

2013ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಆ ಜೀನನ್ನು ಗುರುತಿಸಿದರು. ಎಸ್‌ಎಲ್‌ಸಿ45ಎ2 ಎಂಬ ಜೀನಿನಲ್ಲಿ ಒಂದೇ ಒಂದು ಮಾರ್ಪಾಡು; ಅದರಿಂದ ಕೆಂಪು-ಹಳದಿಯ ವರ್ಣದ್ರವ್ಯವು ಕುಗ್ಗುವುದು, ಕಪ್ಪಿನದು ಬಹುಮಟ್ಟಿಗೆ ಉಳಿಯುವುದು. ಪಟ್ಟೆಗಳು ಅಳಿಯದಿರುವುದು ಇದರಿಂದಲೇ. ಆದುದರಿಂದ ಈ ಪ್ರಾಣಿಯನ್ನು ಪೂರ್ಣ ವರ್ಣಹೀನವೆನ್ನುವುದೂ ಬೇರೊಂದು ಜಾತಿಯೆನ್ನುವುದೂ ತಪ್ಪು. ಮೃಗಾಲಯದ ಹುಲಿಗಳಲ್ಲಿ ಕಾಣುವ ಮೆಳ್ಳೆಗಣ್ಣಿಗೆ ವರ್ಣದ್ರವ್ಯದ ಕೊರತೆಯೊಡನೆ ಸಂಬಂಧವಿದೆ. ಇತರ ಅನೇಕ ಅಂಗದೋಷಗಳಿಗೆ ಹತ್ತಿರದ ಕೂಡಾವಳಿಯೇ ಕಾರಣ.

ಬಿಳಿಯ ಬಣ್ಣದ ಹುಲಿಯು ಕಾಡಿನಲ್ಲಿ ಬೇಟೆಯಾಡಿ ಬದುಕಲಾರದೆಂಬ ಆಕ್ಷೇಪವೊಂದು ಉಳಿದಿದೆ. ಆದರೆ ಗುಂಡಿಗೆ ಬಲಿಯಾದವುಗಳಲ್ಲಿ ಪೂರ್ಣವಾಗಿ ಬೆಳೆದ ಹುಲಿಗಳೂ ಇದ್ದುವು. ಅವುಗಳಿಗೆ ಯಾರೂ ಆಹಾರವನ್ನಿಕ್ಕಿ ಸಾಕಿರಲಿಲ್ಲ. ಹುಲಿಯ ಬೇಟೆಯಾಗುವ ಜಿಂಕೆ ಮೊದಲಾದುವುಗಳಿಗೆ ಕೆಂಪುಬಣ್ಣವನ್ನು ಬೇರೆಯಾಗಿ ಗುರುತಿಸುವ ಶಕ್ತಿಯೂ ಅಲ್ಪ. ಕಾಡಿನ ಬಿಳಿಯ ಹುಲಿಗಳಲ್ಲಿ ಕೊನೆಯದೆಂದು ತಿಳಿದುಬಂದಿರುವುದು 1958ರಲ್ಲಿ ಬೇಟೆಗೆ ಸಿಕ್ಕಿತು. ಬಂದೂಕವೂ ಕಾಡಿನ ನಾಶವೂ ಹುಲಿಗಳ ಸಂಖ್ಯೆಯನ್ನು ತಗ್ಗಿಸಿದಾಗ, ಅಪರೂಪದ ಜೀನಿನ ಎರಡು ಪ್ರತಿಗಳು ಒಂದೆಡೆ ಸೇರುವ ಸಂದರ್ಭವೂ ತಗ್ಗಿತು.

ಇದಕ್ಕೆ ವಿರುದ್ಧವಾಗಿಯೂ ನಡೆಯುವುದುಂಟು. ಒಡಿಶಾದ ಸಿಮ್ಲಿಪಾಲದಲ್ಲಿ ಪಟ್ಟೆಗಳು ಅಗಲವಾಗಿ ಒಂದರೊಳಗೊಂದು ಬೆರೆತ ಕಪ್ಪು ಹುಲಿಗಳಿವೆ. ಹೊರಗಿನ ಹುಲಿಗಳ ಸಂಪರ್ಕವಿಲ್ಲದ ಸಣ್ಣ ಗುಂಪಿನಲ್ಲಿ ಅಪರೂಪದ ಜೀನೊಂದು ಹೆಚ್ಚಿದುದರ ಫಲವಿದೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು 2021ರಲ್ಲಿ ತೋರಿಸಿದರು. 2017ರಲ್ಲಿ ನೀಲಗಿರಿಯ ಕಾಡಿನಲ್ಲಿ ಛಾಯಾಚಿತ್ರಕ್ಕೆ ಸಿಕ್ಕಿದ ಮಾಸಲುಬಣ್ಣದ ಹುಲಿಯನ್ನಾದರೋ ಬಿಳಿಯ ಹುಲಿಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದರ ಮೈಯಲ್ಲಿ ಹಳದಿಯ ಛಾಯೆಯು ಉಳಿದೇ ಇದ್ದಿತು.