ಗಡಿನಾಡಿನ ಒಂದು ಸಣ್ಣ ಪಕ್ಷ: ಕಾಸರಗೋಡಿನ ಕರ್ನಾಟಕ ಸಮಿತಿ

ಪ್ರಜಾಪ್ರಭುತ್ವದಲ್ಲಿ ರಾಜಕೀಯ ಪಕ್ಷಗಳು ಎರಡು ಬಗೆಯವು. ಅಧಿಕಾರವನ್ನು ಪಡೆದು ರಾಜ್ಯಭಾರ ನಡೆಸಲು ಹವಣಿಸುವವು ಒಂದು ಬಗೆ. ಒಂದೇ ಒಂದು ಅಹವಾಲನ್ನು ಶಾಸನಸಭೆಯ ಮುಂದಿಡುವುದಕ್ಕಾಗಿ ಹುಟ್ಟಿದವು ಇನ್ನೊಂದು ಬಗೆ. ಉಡುಪಿಗೆ ದೂರವಲ್ಲದ ಕಾಸರಗೋಡಿನಲ್ಲಿ ಬಾಳಿದ ಕರ್ನಾಟಕ ಸಮಿತಿಯು ಎರಡನೆಯ ಬಗೆಗೆ ತಕ್ಕ ನಿದರ್ಶನ.

ಉಡುಪಿ, ಕಾರ್ಕಳಗಳಂತೆಯೇ ಕಾಸರಗೋಡೂ ಹಿಂದೆ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಉದಯಿಸಿದಾಗ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಮನೆಮಾತು ತುಳುವೋ ಕೊಂಕಣಿಯೋ ಮರಾಠಿಯೋ ಆಗಿದ್ದರೂ, ಬಹುಮಂದಿಗೆ ಶಾಲೆಯ ಭಾಷೆ ಕನ್ನಡವೇ ಆಗಿತ್ತು. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರವೂ ಅಲ್ಲಿಯೇ ಇದೆ. ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು, ಓದಿದವರಿಗೆ ಯಾವ ಭಾಷೆಯಲ್ಲಿ ಉದ್ಯೋಗ ದೊರೆಯಬೇಕು ಎಂಬುದೇ ಅಲ್ಲಿಯ ಜನರ ಚಿಂತೆ.

ಈ ಚಿಂತೆಯೇ ಮತವಾಗಿ ಪರಿಣಮಿಸಿತು. 1957ರ ಪ್ರಥಮ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಸಮಿತಿಯ ನಾಯಕರಾದ ಕಳ್ಳಿಗೆ ಮಹಾಬಲ ಭಂಡಾರಿಯವರು ಅಲ್ಲಿಂದ ಗೆದ್ದರು. 1967ರಲ್ಲಿ ಭಂಡಾರಿಯವರು ಮಂಜೇಶ್ವರದಿಂದಲೂ ಯು. ಪಿ. ಕುಣಿಕುಳ್ಳಾಯರು ಕಾಸರಗೋಡಿನಿಂದಲೂ ವಿಧಾನಸಭೆಯನ್ನು ಪ್ರವೇಶಿಸಿದರು. ಒಂದು ಭಾಷೆಯ ಜನ ಒತ್ತಾಗಿ ನೆಲಸಿದ ಕ್ಷೇತ್ರದಲ್ಲಿ ಸಣ್ಣ ಪಕ್ಷವೂ ಗೆಲ್ಲಬಲ್ಲುದು; ಅದೇ ಜನ ನಾಡೆಲ್ಲ ಚದುರಿದ್ದರೆ ಒಂದು ಸ್ಥಾನವೂ ಕೈಗೆ ಹತ್ತದು.

ಆದರೆ ಗೆದ್ದ ಮಾತ್ರಕ್ಕೆ ಗುರಿ ಕೈಗೂಡಲಿಲ್ಲ. 133 ಸದಸ್ಯರ ಸಭೆಯಲ್ಲಿ ಇಬ್ಬರ ಧ್ವನಿ ಕ್ಷೀಣವೆಂಬುದಷ್ಟೇ ಕಾರಣವಲ್ಲ. ಸಂವಿಧಾನದ 3ನೆಯ ವಿಧಿಯಂತೆ ರಾಜ್ಯದ ಎಲ್ಲೆಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಸೇರಿದ್ದು. ವಿಧಾನಸಭೆ ಅಭಿಪ್ರಾಯವನ್ನು ಮಾತ್ರ ತಿಳಿಸಬಹುದು. ಹೀಗೆ ಸಮಿತಿ ಬೇಡಿದ ವರವನ್ನು ಕೊಡುವ ಶಕ್ತಿ ಅದು ಪ್ರವೇಶಿಸಿದ ಸಭೆಗೇ ಇರಲಿಲ್ಲ! ಕೇಂದ್ರ ಸರ್ಕಾರ 1966ರಲ್ಲಿ ನೇಮಿಸಿದ ಮೆಹರ್‌ಚಂದ್ ಮಹಾಜನ್ ಆಯೋಗವು 1967ರಲ್ಲಿ, ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ.

ಅಷ್ಟರಲ್ಲಿ ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಜಾರಿಗೆ ಬಂದಿತು. ಗೇಣಿಯ ಒಕ್ಕಲಿಗೆ ಗಡಿಗಿಂತ ಗದ್ದೆ ಹತ್ತಿರದ ಪ್ರಶ್ನೆಯಾದುದು ಸಹಜವೇ. ಅದೇ ವರ್ಷ ಮಂಜೇಶ್ವರವು ಭಾರತ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರ ಪಾಲಾಯಿತು.

ಹಾಗಾದರೆ ಸಮಿತಿಯ ಶ್ರಮ ವ್ಯರ್ಥವಾಯಿತೇ? ಇಲ್ಲ. ಅದು ಎತ್ತಿದ ಪ್ರಶ್ನೆಯಲ್ಲಿ ಎರಡು ಅಂಶಗಳಿದ್ದವು: ಒಂದು ನೆಲದ್ದು, ಇನ್ನೊಂದು ನುಡಿಯದು. ನೆಲದ ಪ್ರಶ್ನೆ ಸೋತರೂ ನುಡಿಯ ಪ್ರಶ್ನೆ ಉಳಿದುಕೊಂಡಿತು. 1969ರ ಕೇರಳದ ಅಧಿಕೃತ ಭಾಷಾ ಶಾಸನವು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಂತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶವಿತ್ತಿತು. ಮಗುವಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಸಾರುತ್ತದೆ. 2021ರಲ್ಲಿ ಮಂಜೇಶ್ವರದಿಂದ ಆಯ್ಕೆಯಾದ ಮುಸ್ಲಿಂ ಲೀಗಿನ ಎ. ಕೆ. ಎಂ. ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಸಣ್ಣ ಪಕ್ಷದ ಮಾತನ್ನು ದೊಡ್ಡ ಪಕ್ಷದವರೂ ಆಡುವಂತಾಯಿತು.

ಶಾಸನ ಅವಕಾಶವನ್ನು ಮಾತ್ರ ಕೊಡಬಲ್ಲುದು. ಅದನ್ನು ಸಾರ್ಥಕಪಡಿಸುವುದು ಶಾಲೆ. ಕಲಿಸುವ ಗುರುವೂ ಕಳುಹಿಸುವ ಪೋಷಕರೂ ಇರುವವರೆಗೆ ಗಡಿಯಾಚೆಯೂ ಕನ್ನಡಕ್ಕೆ ನೆಲೆಯುಂಟು.